ತಪ್ಪು ಹುಡುಕಿಕೊಂಡು ಹೊರಟ ಒಕ್ಕಣೆ ಮೇಷ್ಟ್ರು

ಪತ್ರವೆಂದರೆ ಒಕ್ಕಣೆ. ಮೇಲೊಂದು ಒಕ್ಕಣೆ, ಕೆಳಗೊಂದು ಒಕ್ಕಣೆ, ನಡುವೆ ಜಾಗ ಉಳಿದರೆ ಒಂದಿಷ್ಟು ವಿಷಯವನ್ನೂ ಸೇರಿಸಬಹುದು, ಕಡ್ಡಾಯವೇನಲ್ಲ. ಇದು ನನ್ನ ಅಭಿಪ್ರಾಯವಲ್ಲ ಸ್ವಾಮಿ, ಟೈಪಿಂಗ್, ಶೀಘ್ರಲಿಪಿ ಮತ್ತು ಪತ್ರವ್ಯವಹಾರ ಕಲಿಸುವ ಒಂದು ಕಾಲೇಜಿನಲ್ಲಿ ಇಪ್ಪತ್ತಮೂರು ವರ್ಷದಿಂದ ಪಾಠ ಹೇಳುತ್ತಿದ್ದ ಒಕ್ಕಣೆ ಮೇಷ್ಟ್ರ ಅಭಿಪ್ರಾಯ. ಅಪ್ಪ ಅಮ್ಮ ಇಟ್ಟ ಹೆಸರು ಅವರಿಗೂ ಒಂದು ಇತ್ತು. ಹಾಜರಿ ಪುಸ್ತಕ ಬಿಟ್ಟರೆ ಅದು ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ.

ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ನೀಲಿಯದು ಬರೆಯುವುದಕ್ಕೆ, ಕೆಂಪಿನದು ಓದುವುದಕ್ಕೆ. ಕೆಂಪು ಪೆನ್ನಿಲ್ಲದೆ ಅವರಿಗೆ ದಿನಪತ್ರಿಕೆಯೂ ಓದಲು ಬರುತ್ತಿರಲಿಲ್ಲ.

ಒಮ್ಮೆ ಮೇಲಿನ ಮನೆಯವರ ನಲ್ಲಿ ಸೋರಿ ಇವರ ಅಡುಗೆಮನೆಯ ಚಾವಣಿ ಒದ್ದೆಯಾಯಿತು. ಮೇಷ್ಟ್ರು ಕೂಡಲೇ ಮೇಲಿನ ಮನೆಗೊಂದು ಪತ್ರ ಬರೆದರು. ಮೊದಲ ಪುಟವೆಲ್ಲ ಅವರ ಕುಟುಂಬವರ್ಗದ ಕ್ಷೇಮ. ಎರಡನೆಯ ಪುಟವೆಲ್ಲ ತಮ್ಮ ಅಲ್ಪತನದ ವರ್ಣನೆ. ನಲ್ಲಿ ಬರುವುದು ಮೂರನೆಯ ಪುಟದ ನಾಲ್ಕನೆಯ ಸಾಲಿನಲ್ಲಿ. ಮೇಲಿನ ಮನೆಯವರು ಮೊದಲ ಪುಟ ಓದಿ, ತಮ್ಮ ಆರೋಗ್ಯದ ಬಗ್ಗೆ ಇಷ್ಟೊಂದು ಕಾಳಜಿ ಮಾಡುವವರು ಲೋಕದಲ್ಲಿ ಇದ್ದಾರಲ್ಲ ಎಂದು ಸಂತೋಷಪಟ್ಟು, ಉಳಿದದ್ದನ್ನು ಭಾನುವಾರ ಬಿಡುವಾಗಿ ಓದೋಣವೆಂದು ಎತ್ತಿಟ್ಟರು. ಶನಿವಾರ ಮಧ್ಯಾಹ್ನ ಚಾವಣಿಯ ಗಾರೆ ಕಳಚಿ ಹಾಲಿನ ಪಾತ್ರೆಗೆ ಬಿತ್ತು.

“ಹನ್ನೆರಡು ಮೆಟ್ಟಿಲು ಹತ್ತಿ ‘ನಲ್ಲಿ ಸೋರ್ತಿದೆ’ ಅಂದಿದ್ರೆ ಆಗ್ತಿರ್ಲಿಲ್ವೇನ್ರೀ? ಎರಡು ಮಾತು,” ಎಂದರು ಮೇಷ್ಟ್ರ ಹೆಂಡತಿ.

“ಅದು ಪದ್ಧತಿ ಅಲ್ಲ ಕಣೇ,” ಎಂದರು ಮೇಷ್ಟ್ರು.

ಹೆಂಡತಿಯದು ಮಾತೇ ಕಡಿಮೆ. ಬರವಣಿಗೆಯಂತೂ ಇಲ್ಲವೇ ಇಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಆಕೆ ಒಂದು ಸಾಮಾನಿನ ಚೀಟಿ ಬರೆದದ್ದನ್ನೂ ಯಾರೂ ನೋಡಿರಲಿಲ್ಲ. ಬೇಕಾದದ್ದನ್ನೆಲ್ಲ ಬಾಯಲ್ಲೇ ಹೇಳಿ ತರಿಸುತ್ತಿದ್ದರು. ಓದು ಬರಹ ಅಷ್ಟಾಗಿ ಹಿಡಿಸುವುದಿಲ್ಲ ಪಾಪ ಎಂದು ಮೇಷ್ಟ್ರು ತೀರ್ಮಾನಿಸಿಬಿಟ್ಟಿದ್ದರು.

ಇಂಥ ಮೇಷ್ಟ್ರ ಕಾಲೇಜಿಗೆ ಒಂದು ದಿನ ಇಲಾಖೆಯಿಂದ ಸುತ್ತೋಲೆ ಬಂತು. ಇನ್ನು ಮುಂದೆ ವಿದ್ಯಾರ್ಥಿಗಳು ಹೊರದೇಶದ ಶಾಲೆಯೊಂದರ ವಿದ್ಯಾರ್ಥಿಗಳೊಂದಿಗೆ ಪತ್ರ ಬರೆದು ಬಾಂಧವ್ಯ ಬೆಳೆಸಬೇಕು. ಬೇರೆ ರೀತಿನೀತಿಯವರೊಂದಿಗೆ ಬರೆದು ಮಾತಾಡುವುದನ್ನು ಕಲಿಯಬೇಕು. ಎರಡೂ ಕಡೆಯವರಿಗೆ ಅರ್ಧಂಬರ್ಧ ಬರುವ ಮೂರನೆಯ ಭಾಷೆಯೊಂದರಲ್ಲಿ ಬರೆಯತಕ್ಕದ್ದು. ಚೆನ್ನಾಗಿ ನಡೆದರೆ ಇದನ್ನೇ ಪ್ರತ್ಯೇಕ ವಿಭಾಗ ಮಾಡಿ, ಅದಕ್ಕೊಬ್ಬ ಮುಖ್ಯಸ್ಥ, ಆತನಿಗೊಂದು ಕೋಣೆ.

ಕೋಣೆ ಎಂದದ್ದೇ ಮೇಷ್ಟ್ರ ಕಿವಿ ನೆಟ್ಟಗಾಯಿತು. ಇಪ್ಪತ್ತಮೂರು ವರ್ಷದಿಂದ ಅವರು ಆಟದ ಮೇಷ್ಟ್ರ ಜೊತೆ ಒಂದೇ ಮೇಜು ಹಂಚಿಕೊಂಡಿದ್ದರು. ಆ ಮೇಜಿನ ಮೇಲೆ ಉತ್ತರಪತ್ರಿಕೆಗಳ ಜೊತೆಗೆ ಗಾಳಿ ಹೋದ ನಾಲ್ಕು ಚೆಂಡು, ಹಗ್ಗದ ಸುರುಳಿ ಮತ್ತು ಒಂದು ಒದ್ದೆ ಕಾಲುಚೀಲ ಸದಾ ಇರುತ್ತಿದ್ದವು. ಬಾಗಿಲಿರುವ ಒಂದು ಕೋಣೆ, ಆ ಬಾಗಿಲಿಗೊಂದು ಹಲಗೆ, ಹಲಗೆಯ ಮೇಲೆ ತಮ್ಮ ಹೆಸರು, ಒಳಗೆ ಕಾಲುಚೀಲವಿಲ್ಲದ ಮೇಜು! ಮೇಷ್ಟ್ರಿಗೆ ಬದುಕಿನಲ್ಲಿ ಬೇಕಿದ್ದದ್ದು ಅಷ್ಟೇ.

“ಹೊರಗಿನವರ ಜೊತೆ ಪತ್ರವ್ಯವಹಾರದ ಅನುಭವ ಯಾರಿಗಿದೆ?” ಎಂದು ಪ್ರಿನ್ಸಿಪಾಲರು ಕೇಳಿದರು.

“ನನಗಿದೆ ಸಾರ್,” ಎಂದು ಮೇಷ್ಟ್ರು ಎದ್ದು ನಿಂತರು. “ಹೊರದೇಶದವರ ಜೊತೆ ನನ್ನ ಪತ್ರವ್ಯವಹಾರ ಬಹಳ ಹಳೇದು.”

ಸುಳ್ಳಲ್ಲ. ಬಹಳ ಹಿಂದೆ ಅವರು ಒಂದು ಹೊರದೇಶದ ಪೆನ್ನಿನ ಕಂಪನಿಗೆ, ಪೆನ್ನು ಕಕ್ಕುತ್ತಿದೆ ಎಂದು ಆರು ಪುಟದ ಪತ್ರ ಬರೆದಿದ್ದರು. ‘ನಿಮ್ಮ ಪತ್ರ ತಲುಪಿದೆ’ ಎಂದು ಅಚ್ಚುಹಾಕಿದ ಕಾರ್ಡೊಂದು ಬಂದಿತ್ತು. ವ್ಯವಹಾರ ಅಲ್ಲಿಗೆ ಮುಗಿದಿತ್ತು. ಆದರೆ ಹಳೆಯದು ಎಂಬುದರಲ್ಲಿ ಸಂಶಯವಿರಲಿಲ್ಲ.

ತರಗತಿ ಶುರುವಾಯಿತು. ಮೂವತ್ತನಾಲ್ಕು ವಿದ್ಯಾರ್ಥಿಗಳು. ಮೊದಲ ವಾರ ಮೇಷ್ಟ್ರು ಉದಾರವಾಗಿ, “ನಿಮಗೆ ತೋಚಿದ್ದು ಬರೀರಿ,” ಎಂದರು. ಅವರೂ ತೋಚಿದ್ದು ಬರೆದರು. ಒಬ್ಬ ತನ್ನ ಅಣ್ಣನ ಗೊರಕೆಯ ಬಗ್ಗೆ ಬರೆದ. ಒಬ್ಬಳು ತಾನು ಈಜು ಕಲಿಯಲು ಹೋಗಿ ಮುಳುಗಿದ್ದು ಬರೆದಳು. ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು, ಏನು ಹೇಳಿದರೂ “ಯಾಕ್ ಸಾರ್?” ಎನ್ನುತ್ತಿದ್ದುದರಿಂದ ಅವಳನ್ನು ಎಲ್ಲರೂ ಯಾಕ್ಸಾರ್ ಎಂದೇ ಕರೆಯುತ್ತಿದ್ದರು. ಅವಳು ಬರೆದದ್ದು ಹೀಗೆ: ‘ನಮ್ಮ ಮನೆ ಮೆಟ್ಟಿಲಲ್ಲಿ ಏಳನೆಯದು ಮುರಿದಿದೆ. ನಮ್ಮಜ್ಜಿಗೆ ಕಣ್ಣು ಕಾಣುವುದಿಲ್ಲ, ಆದರೂ ಆರು ಎಣಿಸಿ ಏಳನೆಯದನ್ನು ದಾಟಿಬಿಡುತ್ತಾಳೆ. ನಾನು ಕಣ್ಣಿದ್ದೂ ದಿನಾ ಎಡವುತ್ತೇನೆ. ನಿನ್ನ ಕ್ಲಾಸಿನ ಕಿಟಕಿಯಿಂದ ಏನು ಕಾಣಿಸುತ್ತೆ? ಪಾಠ ಬೇಜಾರಾದಾಗ ನೀನು ಏನು ನೋಡ್ತೀಯ?’

ಮೇಷ್ಟ್ರು ಹಣೆ ಹಣೆ ಚಚ್ಚಿಕೊಂಡರು. ಗೊರಕೆ, ಮುಳುಗು, ಮುರಿದ ಮೆಟ್ಟಿಲು! ಇವನ್ನೆಲ್ಲ ಹೊರದೇಶಕ್ಕೆ ಕಳಿಸಿದರೆ ಗತಿ ಏನು? ಕೆಂಪು ಪೆನ್ನು ಹೊರಬಂತು. ಮೂವತ್ತನಾಲ್ಕು ಪತ್ರಗಳೂ ಅಡ್ಡಗೆರೆ, ಉದ್ದಗೆರೆಗಳಿಂದ ಕೆಂಪಾದವು. ಯಾಕ್ಸಾರ್‌ಳ ಪತ್ರದ ಕೆಳಗೆ, ‘ವಿಷಯಾಂತರ. ಕ್ಷೇಮ ಸಮಾಚಾರವಿಲ್ಲ. ಮುಕ್ತಾಯದ ಒಕ್ಕಣೆ ಇಲ್ಲ. ಹತ್ತಕ್ಕೆ ಆರೂವರೆ. ಪ್ರಯತ್ನ ಮುಂದುವರಿಸಿ’ ಎಂದು ಬರೆದರು. ಇಪ್ಪತ್ತಮೂರು ವರ್ಷದಿಂದ ಹೆಚ್ಚುಕಡಿಮೆ ಎಲ್ಲರಿಗೂ ಅವರು ಬರೆಯುತ್ತಿದ್ದದ್ದು ಅದನ್ನೇ. ಆ ಪತ್ರಗಳನ್ನು ಕಟ್ಟಿ ಬೀರುವಿನಲ್ಲಿಟ್ಟು, ಬೋರ್ಡಿನ ಮೇಲೆ ತಾವೇ ಒಂದು ಮಾದರಿ ಪತ್ರ ಬರೆದರು.

“ಇದನ್ನ ಇದ್ದ ಹಾಗೇ ಇಳಿಸ್ಕೊಳ್ಳಿ. ಹೆಸರು ಮಾತ್ರ ನಿಮ್ಮದು.”

ಮಾದರಿ ಪತ್ರ ಘನವಾಗಿತ್ತು. ಶುರುವಿನಲ್ಲಿ ಕ್ಷೇಮ, ಆಮೇಲೆ ಹೊಗಳಿಕೆ, ಆಮೇಲೆ ಇನ್ನಷ್ಟು ಕ್ಷೇಮ. ಕೊನೆಗೆ, ‘ನಮ್ಮಿಂದಾದ ಸಕಲ ಅಪರಾಧಗಳನ್ನೂ ತಾವು ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕೆಂದು ಕಣ್ಣೀರಿಡುತ್ತಾ ಬೇಡುವ’ ಎಂದು ಬರೆದು ರುಜು.

ಕೊನೆಯ ಬೆಂಚಿನಿಂದ ಕೈ ಮೇಲೆದ್ದಿತು. “ಯಾಕ್ ಸಾರ್? ನಾವೇನು ಅಪರಾಧ ಮಾಡಿದ್ವಿ?”

“ಏನೂ ಇಲ್ಲಮ್ಮ. ಅದು ಒಕ್ಕಣೆ.”

“ಏನೂ ಮಾಡ್ದೇನೇ ಕ್ಷಮೆ ಕೇಳಿದ್ರೆ ಅವರು ಏನು ಕ್ಷಮಿಸ್ತಾರೆ ಸಾರ್?”

“ನಮ್ಮ ವಿನಯ ನೋಡಿ ಕರಗ್ತಾರೆ! ದೂರದ ದೇಶ, ಇಲ್ಲಿನ ಮಾಮೂಲಿ ವಿನಯ ಅಲ್ಲೀವರೆಗೆ ಹೋಗೋ ಹೊತ್ತಿಗೆ ಅರ್ಧ ಆಗಿರುತ್ತೆ. ಅದಕ್ಕೇ ಸ್ವಲ್ಪ ಜಾಸ್ತಿ ಹಾಕಿದೀನಿ. ಸುಮ್ನೆ ಬರಿ.”

ಮೂವತ್ತನಾಲ್ಕು ಮಂದಿ ಕಣ್ಣೀರಿಡುತ್ತಾ ಬೇಡಿದ ಪತ್ರಗಳು ಒಂದೇ ಲಕೋಟೆಯಲ್ಲಿ ಹೊರಟವು. ಮೇಷ್ಟ್ರು ಅಂದೇ ಹಲಗೆ ಬರೆಯುವವನ ಹತ್ತಿರ ಹೋಗಿ ಬಾಗಿಲಿನ ಹಲಗೆಯ ಅಳತೆ ವಿಚಾರಿಸಿ ಬಂದರು.

ಐದು ವಾರದ ಮೇಲೆ ಉತ್ತರ ಬಂತು. ಮೂವತ್ತನಾಲ್ಕಲ್ಲ, ಒಂದೇ ಒಂದು. ಅದೂ ಮೇಷ್ಟ್ರಿಗಲ್ಲ, ಪ್ರಿನ್ಸಿಪಾಲರಿಗೆ. ಪ್ರಿನ್ಸಿಪಾಲರು ಇಲಾಖೆಯ ಹೆಸರೆತ್ತಿದರೆ ಕೂತಲ್ಲೇ ಎದ್ದು ನಿಲ್ಲುವಂಥ ಮನುಷ್ಯ. ಆ ದಿನ ಕೂರಲೇ ಇಲ್ಲ.

“ಏನ್ರೀ ಮಾಡಿದ್ರಿ ಅವರಿಗೆ?” ಎಂದು ಪತ್ರವನ್ನು ಮೇಷ್ಟ್ರ ಮುಂದೆ ಹಿಡಿದರು.

ಆ ಶಾಲೆಯ ಮುಖ್ಯೋಪಾಧ್ಯಾಯಿನಿ ಬರೆದಿದ್ದರು: ‘ನಿಮ್ಮ ಮೂವತ್ತನಾಲ್ಕು ವಿದ್ಯಾರ್ಥಿಗಳು ಒಂದೇ ದಿನ ಅಳುತ್ತಾ ನಮ್ಮ ಕ್ಷಮೆ ಕೇಳಿದ್ದಾರೆ. ನಮ್ಮಲ್ಲಿ ಕ್ಷಮೆ ಕೇಳುವವರು ಮೊದಲು ಏನು ಮಾಡಿದೆವೆಂದು ಹೇಳುತ್ತಾರೆ. ನಾವು ಶಾಲೆಯ ಕಿಟಕಿ ಗಾಜುಗಳನ್ನೆಲ್ಲ ಎಣಿಸಿದೆವು, ಸರಿಯಾಗಿವೆ. ಪ್ರಯೋಗಾಲಯ, ತೋಟ, ಗಡಿಯಾರ ಎಲ್ಲ ಇದ್ದಲ್ಲೇ ಇವೆ. ನಮ್ಮ ಕೆಲವು ಮಕ್ಕಳು ಹೆದರಿದ್ದಾರೆ. ಕೆಲವರು ಈಗಾಗಲೇ ಕ್ಷಮಿಸಿದ್ದಾರೆ. ಉಳಿದವರು, ವಿಷಯ ತಿಳಿಯದೆ ಕ್ಷಮಿಸುವುದಿಲ್ಲ ಎನ್ನುತ್ತಿದ್ದಾರೆ. ದಯವಿಟ್ಟು ತಪ್ಪು ಏನೆಂದು ವಿವರವಾಗಿ ತಿಳಿಸಿ. ಅಲ್ಲಿಯವರೆಗೆ ಪತ್ರಸ್ನೇಹವನ್ನು ನಿಲ್ಲಿಸಿದ್ದೇವೆ.’ ಕೆಳಗೆ, ‘ಒಂದು ಪ್ರತಿ ಇಲಾಖೆಗೆ’ ಎಂದಿತ್ತು.

ಅದು ಬರಿಯ ಒಕ್ಕಣೆ ಸಾರ್ ಎಂದು ಆಗಲೇ ಹೇಳಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅನುಭವಸ್ಥರಿಗೆ ಹಾಗೆ ಹೇಳಲು ಬಾಯಿ ಬರುತ್ತದೆಯೇ? ಮೇಷ್ಟ್ರು, “ವಿವರ ಕೇಳೋದು ಅವರ ಪದ್ಧತಿ ಸಾರ್. ಮಾಮೂಲಿ. ವಿವರ ಕಳಿಸಿದ್ರಾಯ್ತು,” ಎಂದರು.

“ಹಾಗಾದ್ರೆ ತಪ್ಪು ಇದೆ?”

“ಇ... ಇರುತ್ತೆ ಸಾರ್.”

“ಮುಂದಿನ ಸೋಮವಾರ ಇಲಾಖೆ ಸಾಹೇಬರು ಬರ್ತಾರೆ. ಅಷ್ಟರಲ್ಲಿ ತಪ್ಪು ನನ್ನ ಟೇಬಲ್ ಮೇಲಿರಬೇಕು. ಇಲ್ದಿದ್ರೆ ಕೋಣೆ ಹಾಗಿರಲಿ, ನಿಮಗೆ ಆ ಅರ್ಧ ಮೇಜೂ ಇರಲ್ಲ. ಟೈಪಿಂಗ್ ರಿಬ್ಬನ್ ಎಣಿಸೋ ಉಗ್ರಾಣಕ್ಕೆ ಹೋಗ್ತೀರಿ.”

ಹೀಗೆ, ಜಗತ್ತಿನ ಎಲ್ಲರ ತಪ್ಪನ್ನೂ ನೋಡಿದೊಡನೆ ಕಂಡುಹಿಡಿಯುತ್ತಿದ್ದ ಒಕ್ಕಣೆ ಮೇಷ್ಟ್ರು, ತಮ್ಮದೊಂದು ತಪ್ಪು ಹುಡುಕಿಕೊಂಡು ಬೀದಿಗೆ ಇಳಿದರು. ಆರು ದಿನ ಮಾತ್ರ ಇತ್ತು.

ಮೊದಲು ಹೋದದ್ದು ಪಕ್ಕದ ಮನೆಯ ನಿವೃತ್ತ ಕೋರ್ಟು ಗುಮಾಸ್ತರ ಹತ್ತಿರ. ಅವರು ಕನ್ನಡಕ ಏರಿಸಿ ಪತ್ರವನ್ನು ಎರಡು ಸಲ ಓದಿದರು.

“ಮೇಷ್ಟ್ರೇ, ಮೂವತ್ತೊಂದು ವರ್ಷ ಕೋರ್ಟಲ್ಲಿ ಕೂತಿದ್ದೆ. ತಪ್ಪು ಮಾಡಿ ಒಪ್ಕೊಳ್ಳದೇ ಇದ್ದೋರನ್ನ ಸಾವಿರ ಜನ ನೋಡಿದೀನಿ. ಒಪ್ಕೊಂಡು ತಪ್ಪು ಹುಡುಕ್ತಿರೋರು ನೀವೇ ಮೊದಲು.”

“ಏನಾದ್ರೂ ಸಣ್ಣದು ಸೂಚಿಸಿ.”

“ಸಣ್ಣದಕ್ಕೆ ಯಾರೂ ಕಣ್ಣೀರಿಡಲ್ಲ. ಮೂವತ್ನಾಲ್ಕು ಜನ ಅತ್ತಿದಾರೆ ಅಂದ್ಮೇಲೆ ಬೆಂಕಿ ಹಚ್ಚಿದ್ದು, ಬೇಲಿ ಮುರಿದದ್ದು, ಹೀಗೆ ಏನಾದರೂ ಬೇಕಾಗುತ್ತೆ.”

ಗುಮಾಸ್ತರು ಗುಟ್ಟು ಕಾಪಾಡುವ ಜನವೇ. ಆದರೆ ಅವರ ಮಾತು ಮಾತ್ರ ಕೋರ್ಟಿನಲ್ಲಿ ಕೂಗಿ ಕೂಗಿ ರೂಢಿಯಾದದ್ದು. ಬೀದಿಯ ಈ ತುದಿಯಲ್ಲಿ ಹಾಲಿನವನಿಗೆ, ಮೇಷ್ಟ್ರು ಹೊರದೇಶದಲ್ಲಿ ಏನೋ ಎಡವಟ್ಟು ಮಾಡಿಕೊಂಡಿದ್ದಾರೆ ಎಂದು ಕೇಳಿಸಿತು. ತರಕಾರಿ ಅಂಗಡಿಯ ಹತ್ತಿರ ಅದು ಬೇಲಿ ಮುರಿದದ್ದಾಯಿತು. ದರ್ಜಿಯ ಅಂಗಡಿ ಮುಟ್ಟುವಾಗ ಬೆಂಕಿಯೂ ಹತ್ತಿತ್ತು. ಬೀದಿಯ ಆ ತುದಿಯಲ್ಲಿ, ಮೂವತ್ತನಾಲ್ಕು ಕೇಸು, ಸೋಮವಾರ ದೊಡ್ಡ ಸಾಹೇಬರು ಬಂದು ಹಿಡಿದುಕೊಂಡು ಹೋಗುತ್ತಾರೆ ಎಂದು ಖಚಿತವಾಯಿತು.

ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಮೇಷ್ಟ್ರ ಭಾವಮೈದ ಬಂದಿಳಿದ. ಸೈಕಲ್ ಅಂಗಡಿ ಇಟ್ಟವನು. ಕೈಯಲ್ಲಿ ಎರಡು ಹೊಸ ಟವೆಲ್ಲು.

“ಭಾವ, ನಿಜ ಹೇಳ್ಬಿಡಿ. ನಾನೇನು ಹೊರಗಿನವನಲ್ಲ.”

“ಆ ದೇಶಕ್ಕೆ ನಾನು ಕಾಲೇ ಇಟ್ಟಿಲ್ಲ ಕಣಯ್ಯಾ!”

“ಕಾಲಿಡದೇನೇ ಮೂವತ್ನಾಲ್ಕು! ಇಟ್ಟಿದ್ರೆ?” ಎಂದು ಅವನು ಅಡುಗೆಮನೆಯತ್ತ ತಿರುಗಿದ. “ಅಕ್ಕಾ, ನೀನು ಬಟ್ಟೆ ಕಟ್ಕೋ. ಭಾವ ಬರೋವರೆಗೂ ನಮ್ಮನೇಲಿರು. ಭಾವ, ಈ ಟವೆಲ್ಲು ಇಟ್ಕೊಳ್ಳಿ. ಒಳಗಡೆ ಒಳ್ಳೇವು ಕೊಡಲ್ವಂತೆ.”

“ಕಾಫಿ ಕುಡಿದು ಸುಮ್ನೆ ಕೂತ್ಕೋ,” ಎಂದರು ಅಕ್ಕ. ಅವನು ಕುಡಿದು ಸುಮ್ಮನೆ ಕೂತ. ಆದರೆ ಟವೆಲ್ಲನ್ನು ಬಾಗಿಲ ಹತ್ತಿರವೇ, ಕೈಗೆ ಸಿಗುವಂತೆ ಇಟ್ಟ.

ಗುರುವಾರ ಮೇಷ್ಟ್ರು ಒಂದು ಹೊಸ ನೋಟ್ ಪುಸ್ತಕ ತೆರೆದು, ಮೇಲೆ ‘ದೋಷ ಸಂಗ್ರಹ’ ಎಂದು ಬರೆದು, ಸಿಕ್ಕಸಿಕ್ಕವರನ್ನು ಕೇಳತೊಡಗಿದರು: “ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಹೇಳಿ. ಸಂಕೋಚ ಬೇಡ. ಹೊರದೇಶಕ್ಕೆ ಕಳಿಸೋ ಮಟ್ಟದ್ದಿರಲಿ.”

ಸಂಕೋಚವೇ? ಜನ ಇಪ್ಪತ್ತು ವರ್ಷದಿಂದ ಕಾಯುತ್ತಿದ್ದವರಂತೆ ಸಾಲುಗಟ್ಟಿದರು.

ಮೇಲಿನ ಮನೆಯವರು ಹನ್ನೆರಡು ಮೆಟ್ಟಿಲನ್ನೂ ಒಂದೇ ಉಸಿರಿಗೆ ಇಳಿದು ಬಂದರು. “ನಮ್ಮ ಮಗಳ ಮದುವೆ ಕರೆಯೋಲೆನ ತಿದ್ದಿ, ಏಳು ಮಾರ್ಕ್ಸ್ ಹಾಕಿ, ಉಡುಗೊರೆ ಜೊತೆ ಮಂಟಪದಲ್ಲೇ ಬೀಗರ ಕೈಗೆ ಕೊಟ್ರಿ. ಬೀಗರು ಇವತ್ತಿಗೂ ನಮ್ಮನ್ನ ಏಳು ಮಾರ್ಕ್ಸಿನವರು ಅಂತಾರೆ.”

ದರ್ಜಿ ಹೇಳಿದ: “ನಮ್ಮಪ್ಪ ತೀರ್ಕೊಂಡಾಗ ಅಂಗಡಿ ಬಾಗಿಲಿಗೆ ಚೀಟಿ ಅಂಟಿಸಿದ್ದೆ. ನೀವು ಬಂದ್ರಿ. ಅಳ್ತಿದ್ದೋನು ನಿಮ್ಮ ಹೆಗಲಿಗೆ ಒರಗೋಣ ಅಂತಿದ್ದೆ. ನೀವು ಜೇಬಿಂದ ಕೆಂಪು ಪೆನ್ನು ತೆಗೆದ್ರಿ.”

ಆಟದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಎದೆಯುಬ್ಬಿಸಿ ನಿಂತರು. “ಜ್ವರದಲ್ಲಿ ನಡುಗ್ತಾ ರಜಾ ಅರ್ಜಿ ಬರೆದಿದ್ದೆ. ನೀವು ಅದನ್ನ ತಿದ್ದಿ ಹತ್ತಕ್ಕೆ ಐದು ಅಂತ ಹಾಕಿ ಒಳಗೆ ಕಳಿಸಿದ್ರಿ. ಪ್ರಿನ್ಸಿಪಾಲರು ನೋಡಿದ್ರು, ಅರ್ಧ ದಿನ ರಜಾ ಕೊಟ್ರು.”

ಮೇಷ್ಟ್ರು ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡರು. ಶನಿವಾರದ ಹೊತ್ತಿಗೆ ಪುಸ್ತಕ ಮುಕ್ಕಾಲು ತುಂಬಿತ್ತು. ಮನೆಗೆ ಬಂದು ಒಂದೊಂದನ್ನೇ ಓದಿ, “ಇವು ತಪ್ಪಲ್ಲ, ತಿದ್ದುಪಡಿ,” ಎಂದು ಕಾಟು ಹೊಡೆದರು. ಕಾಟು ಹೊಡೆಯುತ್ತಾ ಹೊಡೆಯುತ್ತಾ ಅವರಿಗೆ ಸಣ್ಣಗೆ ಕಸಿವಿಸಿ ಶುರುವಾಯಿತು. ಎಷ್ಟೆಲ್ಲ ಜನ, ಎಷ್ಟೆಲ್ಲ ವರ್ಷ, ಎಲ್ಲರದ್ದೂ ಅದೇ ಕೆಂಪು ಪೆನ್ನಿನ ಕಥೆ. ಒಬ್ಬರಾದರೂ ಬೇರೆ ತಪ್ಪು ಹೇಳಬಾರದೇ?

ಭಾನುವಾರ ಮಧ್ಯಾಹ್ನ ಭಾವಮೈದ ಚಾಪೆಯ ಮೇಲೆ ಮಲಗಿ ನಿದ್ದೆ ಹೋಗಿದ್ದ. ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದರು. ಮೇಷ್ಟ್ರು ಪಕ್ಕದಲ್ಲಿ ಹೋಗಿ ಕೂತರು.

“ಊರೆಲ್ಲ ಹೇಳಿತು. ನೀನೊಬ್ಬಳು ಬಾಕಿ. ನೀನೂ ಒಂದು ಹೇಳೇ.”

“ನನ್ನದು ಯಾಕೆ ಬಿಡಿ.”

“ಇದ್ರೆ ತಾನೇ ಹೇಳೋದು! ನಿನಗೆ ನಾನು ಏನು ಕಡಿಮೆ ಮಾಡಿದೀನಿ?”

ಹೆಂಡತಿ ಮಡಿಸುತ್ತಿದ್ದ ಅಂಗಿಯನ್ನು ಕೆಳಗಿಟ್ಟರು. ಎದ್ದು ಒಳಗೆ ಹೋದರು. ಟ್ರಂಕಿನ ಮುಚ್ಚಳ ತೆರೆದ ಸದ್ದಾಯಿತು. ಬಂದು ಒಂದು ಹಳೆಯ ಕಾಗದವನ್ನು ಗಂಡನ ಮುಂದಿಟ್ಟು, “ಹೊರದೇಶಕ್ಕೆ ಕಳಿಸೋ ಮಟ್ಟದ್ದಾ ನೋಡಿ,” ಎಂದು ಮತ್ತೆ ಬಟ್ಟೆ ಮಡಿಸಲು ಕೂತರು.

ಮಡಿಕೆಯಲ್ಲಿ ಹರಿಯಲು ಬಂದಿದ್ದ ಕಾಗದ. ಮದುವೆಯಾದ ಹೊಸತರಲ್ಲಿ ತವರಿಗೆ ಹೋಗಿದ್ದಾಗ ಹೆಂಡತಿ ಬರೆದದ್ದು. ನೀಲಿ ಶಾಯಿ ಮಾಸಿತ್ತು: ‘ಇಲ್ಲಿ ಮನೆ ತುಂಬ ಜನ ಇದ್ದಾರೆ. ಆದರೂ ಸಂಜೆ ಆಯಿತೆಂದರೆ ನಿಮ್ಮ ಸೈಕಲ್ ಬೆಲ್ಲು ಕೇಳಿಸಿದ ಹಾಗಾಗುತ್ತೆ. ಎದ್ದು ಬಾಗಿಲಿಗೆ ಹೋಗಿ ನೋಡಿ ಬರುತ್ತೇನೆ. ತಮ್ಮ ನಗುತ್ತಾನೆ. ನಕ್ಕರೆ ನಗಲಿ. ನಿಮಗೂ ಹಾಗೆ ಏನಾದರೂ ಕೇಳಿಸುತ್ತಾ?’

ಕೆಂಪು ಶಾಯಿ ಮಾತ್ರ ಮಾಸಿರಲಿಲ್ಲ. ಸೈಕಲ್ ಬೆಲ್ಲಿನ ಮೇಲೆ ಅಡ್ಡಗೆರೆ. ಕೆಳಗೆ: ‘ವಿಷಯಾಂತರ. ಕ್ಷೇಮ ಸಮಾಚಾರವಿಲ್ಲ. ಮುಕ್ತಾಯದ ಒಕ್ಕಣೆ ಇಲ್ಲ. ಹತ್ತಕ್ಕೆ ಆರೂವರೆ. ಪ್ರಯತ್ನ ಮುಂದುವರಿಸಿ.’

ಮೇಷ್ಟ್ರಿಗೆ ಆಗ ನೆನಪಾಯಿತು. ಆ ಪತ್ರ ಬಂದ ದಿನ ಅವರು ಅದನ್ನು ನಾಲ್ಕು ಸಲ ಓದಿದ್ದರು. ಎದೆಯೊಳಗೆ ಏನೋ ಉಕ್ಕಿ ಬಂದಿತ್ತು. ಆದರೆ ಅದಕ್ಕೆ ಉತ್ತರ ಹೇಗೆ ಬರೆಯುವುದೆಂದು ಗೊತ್ತಾಗಿರಲಿಲ್ಲ. ಅಂಥದ್ದಕ್ಕೆ ಯಾವ ಮಾದರಿ ಪತ್ರವೂ ಅವರ ಪುಸ್ತಕದಲ್ಲಿರಲಿಲ್ಲ. ಗೊತ್ತಿದ್ದದ್ದು ತಿದ್ದುವುದೊಂದೇ. ತಿದ್ದಿ, ವಾಪಸು ಅಂಚೆಗೆ ಹಾಕಿದ್ದರು. ಹೆಂಡತಿ ಮತ್ತೆ ಬರೆಯಲಿಲ್ಲ. ಅದಕ್ಕೆ ಅವರು, ಪಾಪ ಬರವಣಿಗೆ ಹಿಡಿಸುವುದಿಲ್ಲ ಎಂದುಕೊಂಡರು. ಎಂಥ ಮನುಷ್ಯ ನಾನು ಎಂದು ಅವರಿಗೆ ನಾಚಿಕೆಯಾಯಿತು. ಬಟ್ಟೆ ಮಡಿಸುವ ಕೈಗಳನ್ನು ನೋಡುವ ಧೈರ್ಯ ಬರಲಿಲ್ಲ. ಬಾಗಿಲ ಹತ್ತಿರದ ಹೊಸ ಟವೆಲ್ಲು ತೆಗೆದುಕೊಂಡು ಮುಖ ಒರೆಸಿಕೊಂಡರು.

ಸೋಮವಾರ ಇಲಾಖೆಯ ಸಾಹೇಬರು ಬಂದರು. ಜೊತೆಗೆ ದಾರ ಕಟ್ಟಿದ ಫೈಲು ಬಂತು. ಪ್ರಿನ್ಸಿಪಾಲರು ನಿಂತೇ ಇದ್ದರು.

“ಇಲ್ಲಿ ಕ್ಷಮಾಪಣೆ ಇದೆ, ಮೂವತ್ನಾಲ್ಕು,” ಎಂದರು ಸಾಹೇಬರು ಪುಟ ತಿರುವುತ್ತಾ. “ತಪ್ಪು ಎಲ್ಲಿ? ‘ತಪ್ಪಿನ ಸ್ವರೂಪ’ ಅನ್ನೋ ಕಾಲಂ ಖಾಲಿ ಇದೆ. ಕಾಲಂ ಖಾಲಿ ಇದ್ರೆ ಫೈಲು ಮುಚ್ಚೋದು ಹೇಗೆ?”

“ತಪ್ಪು ತಂದಿದೀನಿ ಸಾರ್,” ಎಂದು ಮೇಷ್ಟ್ರು ಬೀರುವಿನಿಂದ ತಂದ ಕಟ್ಟನ್ನು ಮೇಜಿನ ಮೇಲಿಟ್ಟರು. “ಮಕ್ಕಳು ಬರೆದದ್ದು ಇದು. ನಾನು ಕಳಿಸಿದ್ದು ಇದನ್ನಲ್ಲ, ನನ್ನದನ್ನ. ಮೂವತ್ನಾಲ್ಕು ಹೆಸರಲ್ಲಿ ನಾನೊಬ್ಬನೇ ಬರೆದೆ. ಅವರಲ್ಲಿ ಒಬ್ಬರೂ ಏನೂ ತಪ್ಪು ಮಾಡಿಲ್ಲ.”

“ಹೊರದೇಶದ ಅನುಭವ ಇದೆ ಅಂದ್ರಲ್ರೀ!” ಎಂದು ಪ್ರಿನ್ಸಿಪಾಲರು ಕೂಗಿದರು.

ಮೇಷ್ಟ್ರು ಜೇಬಿನಿಂದ ಪೆನ್ನಿನ ಕಂಪನಿಯ ಕಾರ್ಡು ತೆಗೆದು ಅದನ್ನೂ ಮೇಜಿನ ಮೇಲಿಟ್ಟರು. ಸಾಹೇಬರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಫೈಲಿಗೆ ಸೇರಿಸಿದರು. ಆಮೇಲೆ ಕಟ್ಟಿನ ಮೇಲಿನ ಪತ್ರ ಎತ್ತಿಕೊಂಡರು. ಅದು ಗೊರಕೆಯದು. ಓದುತ್ತಾ ಓದುತ್ತಾ ಸಾಹೇಬರ ಭುಜ ಕುಲುಕತೊಡಗಿತು. ಎರಡನೆಯದು ಎತ್ತಿಕೊಂಡರು. ಮೂರನೆಯದು. ಹನ್ನೊಂದನೆಯದಕ್ಕೆ ಅವರು ಕಣ್ಣೊರೆಸಿಕೊಂಡು, “ಇದನ್ನ ಬಿಟ್ಟು ಅದನ್ನ ಕಳಿಸಿದ್ರಾ? ಇದು ತಪ್ಪೇ ಕಣ್ರೀ!” ಎಂದು ಸಂತೋಷದಿಂದ ಕಾಲಂ ತುಂಬಿದರು. ಫೈಲು ಮುಚ್ಚಿತು.

ಮೇಷ್ಟ್ರು ತರಗತಿಗೆ ಹೋಗಿ ತಪ್ಪು ತಮ್ಮದೆಂದು ಎಲ್ಲರೆದುರು ಹೇಳಿದರು. ಆಮೇಲೆ ಆ ಮುಖ್ಯೋಪಾಧ್ಯಾಯಿನಿಗೆ ಪತ್ರ ಬರೆಯಲು ಕೂತರು. ಕ್ಷೇಮ ಕೇಳಲಿಲ್ಲ, ಹೊಗಳಲಿಲ್ಲ. ನಾಲ್ಕು ಸಾಲಿನಲ್ಲಿ ಮುಗಿಯಿತು. ಜೊತೆಗೆ ಮಕ್ಕಳ ಮೂಲ ಪತ್ರಗಳ ಕಟ್ಟು.

“ಯಾಕ್ ಸಾರ್? ಹೊಸದಾಗಿ ಬರೆದುಕೊಡ್ತೀವಿ. ಕೆಂಪು ಶಾಯಿ ಇದ್ದ ಹಾಗೇ ಕಳಿಸೋದಾ?” ಎಂದು ಯಾಕ್ಸಾರ್ ಕೇಳಿದಳು.

“ಇರಲಿ ಬಿಡಮ್ಮ. ಅವರು ತಪ್ಪಿನ ವಿವರ ಕೇಳಿದಾರಲ್ಲ, ಅದೇ ವಿವರ.”

ಈ ಸಲ ಉತ್ತರ ಬಂದದ್ದು ಲಕೋಟೆಯಲ್ಲಿ ಅಲ್ಲ, ಪೆಟ್ಟಿಗೆಯಲ್ಲಿ. ಮೂವತ್ತನಾಲ್ಕು ಪತ್ರ, ಒಂದರಂತೆ ಇನ್ನೊಂದಿಲ್ಲ. ಯಾಕ್ಸಾರ್‌ಗೆ ಒಬ್ಬ ಹುಡುಗಿ ಬರೆದಿದ್ದಳು: ‘ನಮ್ಮ ಕಿಟಕಿಯಿಂದ ಬರೀ ಒಂದು ಗೋಡೆ ಕಾಣಿಸುತ್ತೆ. ಆದರೆ ಆ ಗೋಡೆಯ ಬಿರುಕಿನಲ್ಲಿ ಮೂರು ಇರುವೆ ಸಾಲು ಇವೆ, ನಾನು ಒಂದರ ಮೇಲೆ ಪಂದ್ಯ ಕಟ್ಟುತ್ತೇನೆ. ನಿನ್ನಜ್ಜಿ ಇಳಿಯುವಾಗಲೂ ಆರು ಎಣಿಸುತ್ತಾಳಾ?’ ಮೇಲಿನಿಂದ ಇಳಿಯುವಾಗ ಲೆಕ್ಕ ಬೇರೆ ಎಂಬುದು ಯಾಕ್ಸಾರ್‌ಗೆ ಆವರೆಗೆ ಹೊಳೆದೇ ಇರಲಿಲ್ಲ. ಗಂಟೆ ಬಾರಿಸುವ ಮೊದಲೇ ಅವಳು ಮನೆಗೆ ಓಡಿದಳು. ಮುಖ್ಯೋಪಾಧ್ಯಾಯಿನಿ ಮೇಷ್ಟ್ರಿಗೆ ಎರಡೇ ಸಾಲು ಬರೆದಿದ್ದರು: ‘ತಪ್ಪನ್ನು ನೋಡಿದೆವು. ಈಗ ಎಲ್ಲರೂ ಕ್ಷಮಿಸಿದ್ದೇವೆ.’

ವಿಭಾಗವಾಯಿತು, ಕೋಣೆಯೂ ಸಿಕ್ಕಿತು, ಮೇಷ್ಟ್ರಿಗಲ್ಲ, ಪತ್ರಗಳಿಗೆ. ಅಷ್ಟೊಂದು ಪೆಟ್ಟಿಗೆ ಇಡಲು ಜಾಗ ಬೇಕಿತ್ತು. ಮೇಷ್ಟ್ರು ಕಾಲುಚೀಲದ ಪಕ್ಕದಲ್ಲೇ ಉಳಿದರು. ಭಾವಮೈದ ಫೈಲು ಮುಚ್ಚಿದ ಮಾರನೆಯ ದಿನವೇ ಟವೆಲ್ಲು ವಾಪಸು ಕೇಳದೆ ಊರಿಗೆ ಹೋಗಿದ್ದ.

ಮೊದಲ ಪೆಟ್ಟಿಗೆ ಬಂದ ವಾರದ ಭಾನುವಾರ ಮೇಷ್ಟ್ರು ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತು ಒಂದು ಪತ್ರ ಬರೆದರು. ಹನ್ನೊಂದು ಕಾಗದ ಹರಿದುಹಾಕಿದ ಮೇಲೆ ಹನ್ನೆರಡನೆಯದು ಉಳಿಯಿತು. ಅದನ್ನು ಮಡಿಸಿ ಅಡುಗೆಮನೆಯ ಸಕ್ಕರೆ ಡಬ್ಬಿಯ ಕೆಳಗಿಟ್ಟು, ಹೊರಗೆ ಬಂದು ದಿನಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತರು. ಪತ್ರದಲ್ಲಿದ್ದದ್ದು ಇಷ್ಟೇ:

‘ಕೇಳಿಸುತ್ತಿತ್ತು. ಆ ಮೂರು ವಾರ ದಿನಾ ಸಂಜೆ ಬಾಗಿಲ ಚಿಲಕ ಅಲ್ಲಾಡಿದ ಹಾಗೆ ಕೇಳಿಸುತ್ತಿತ್ತು. ನಾನೂ ಎದ್ದು ಹೋಗಿ ನೋಡಿ ಬರುತ್ತಿದ್ದೆ. ನಗಲು ಮನೆಯಲ್ಲಿ ಯಾರೂ ಇರಲಿಲ್ಲ. ಇದನ್ನು ಆಗಲೇ ಬರೆಯಬೇಕಿತ್ತು. ಬರೆಯಲು ಗೊತ್ತಾಗದೆ ನಿನ್ನದನ್ನು ತಿದ್ದಿದೆ. ತಪ್ಪಾಯಿತು.’

ಅಡುಗೆಮನೆಯಲ್ಲಿ ಡಬ್ಬಿ ಎತ್ತಿದ ಸದ್ದಾಯಿತು. ಮೇಷ್ಟ್ರು ಪತ್ರಿಕೆಯ ಒಂದೇ ಸಾಲನ್ನು ಓದುತ್ತಲೇ ಇದ್ದರು. ಹೆಂಡತಿ ಬಂದರು. ಗಂಡನ ಜೇಬಿಗೆ ಕೈಹಾಕಿ ಕೆಂಪು ಪೆನ್ನು ತೆಗೆದುಕೊಂಡು ಒಳಗೆ ಹೋದರು. ಮತ್ತೆ ಬಂದು ಪತ್ರವನ್ನು ಅವರ ಮಡಿಲಿಗೆ ಹಾಕಿದರು.

ಒಂದೇ ಒಂದು ಅಡ್ಡಗೆರೆ ಇರಲಿಲ್ಲ. ಕೆಳಗೆ ಇಪ್ಪತ್ತೆರಡು ವರ್ಷದಿಂದ ಯಾರೂ ನೋಡದ ದುಂಡು ಅಕ್ಷರದಲ್ಲಿ, ‘ಹತ್ತಕ್ಕೆ ಆರೂವರೆ. ಪ್ರಯತ್ನ ಮುಂದುವರಿಸಿ’ ಎಂದಿತ್ತು.

“ಅಲ್ಲ ಕಣೇ,” ಎಂದರು ಮೇಷ್ಟ್ರು. “ಮೂರೂವರೆ ಯಾಕೆ ಕಳೆದೆ?”

“ಮುಕ್ತಾಯದ ಒಕ್ಕಣೆ ಎಲ್ಲಿದೆ ರೀ?” ಎಂದು ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ಒಳಗೆ ಹೋದರು. ಅಡುಗೆಮನೆಯಿಂದ ನಗು ಕೇಳಿಸಿತು. ಮೇಷ್ಟ್ರು ನೀಲಿ ಪೆನ್ನು ತೆಗೆದು ಇನ್ನೊಂದು ಕಾಗದ ಮುಂದಿಟ್ಟುಕೊಂಡರು. ಕೆಂಪು ಪೆನ್ನು ವಾಪಸು ಬರಲಿಲ್ಲ, ಅವರೂ ಕೇಳಲಿಲ್ಲ.